ಬೆಣ್ಣೆ ದೋಸೆ ಹೋಟೆಲಲ್ಲಿ ಗೋಬಿ ಮಂಚೂರಿ ಕೇಳಬೇಡಿ: ದುಬಾರಿ ಬ್ಯಾಗನ್ನು ನೋಡಿ ಕೊಳ್ಳುವ ಬಗೆ

ಎರಡು ವರ್ಷದ ಹಿಂದೆ ಆನ್‌ಲೈನಲ್ಲಿ ಒಂದು ಬ್ಯಾಗ್ ತರಿಸಿಕೊಂಡೆ. 3,400 ರೂಪಾಯಿ. ‘ಪ್ರೀಮಿಯಂ ಲೆದರ್’ ಅಂತ ಬರೆದಿದ್ದರು, ಫೋಟೋದಲ್ಲಿ ಬಿಳಿ ಹೊಲಿಗೆ ಎದ್ದು ಕಾಣುತ್ತಿತ್ತು, ನಂಬಿದೆ. ಎಂಟನೇ ತಿಂಗಳಿಗೆ ನಮ್ಮ ದಾವಣಗೆರೆಯ ಹಳೇ ಬಸ್ ಸ್ಟ್ಯಾಂಡಲ್ಲಿ ಹರಿಹರದ ಬಸ್ ಹತ್ತುವಾಗ ಹಿಡಿಕೆ ಕಿತ್ತು ಬಂತು. ಬ್ಯಾಗ್ ರಸ್ತೆ ಮೇಲೆ, ಟಿಫಿನ್ ಡಬ್ಬಿ ಬಸ್ಸಿನ ಕೆಳಗೆ, ಹಿಡಿಕೆ ಮಾತ್ರ ನನ್ನ ಕೈಯಲ್ಲಿ.

ಮಾರನೇ ದಿನ ಮಂಡಿಪೇಟೆ ಕಡೆ ಹೋಗುವ ದಾರಿಯಲ್ಲಿ ತಾಡಪಾಲು ಕಟ್ಟಿಕೊಂಡು ಕೂರುವ ರಿಪೇರಿಯವರ ಹತ್ತಿರ ತೆಗೆದುಕೊಂಡು ಹೋದೆ. ಚಪ್ಪಲಿ, ಬ್ಯಾಗ್, ಸ್ಕೂಟರ್ ಸೀಟು ಎಲ್ಲ ಹೊಲಿಯುತ್ತಾರೆ. ಅವರು ಬ್ಯಾಗ್ ತಗೊಂಡು ಮೇಲೆ ಕೆಳಗೆ ನೋಡಲಿಲ್ಲ, ಹೆಸರು ಓದಲಿಲ್ಲ. ಸೀದಾ ಹೆಬ್ಬೆರಳ ಉಗುರನ್ನು ಆ ಬಿಳಿ ಹೊಲಿಗೆ ಮೇಲೆ ಎಳೆದರು. ಆಮೇಲೆ ಹಿಡಿಕೆ ತಿರುಗಿಸಿ ಹಿಂದಿನ ಮಗ್ಗಲು ತೋರಿಸಿದರು. ಅಲ್ಲಿ ಏನೂ ಇಲ್ಲ, ನುಣ್ಣಗಿದೆ.

‘ಅಕ್ಕಾರೆ, ಇದು ಹೊಲಿಗೆ ಅಲ್ಲ, ಗೆರೆ’ ಅಂದರು.

ಪ್ಲಾಸ್ಟಿಕ್ಕಿನ ಮೇಲೆ ಹೊಲಿಗೆಯ ಅಚ್ಚು ಒತ್ತಿ, ಬಿಳಿ ಬಣ್ಣ ಬಳಿದಿದ್ದರು. ಹಿಡಿಕೆ ನಿಂತಿದ್ದು ಬರೀ ಅಂಟಿನ ಮೇಲೆ. ಒಳಗೆ ರಟ್ಟು. ಎಂಟು ತಿಂಗಳು ಬಂದಿದ್ದೇ ಜಾಸ್ತಿ ಅಂತ ನಕ್ಕರು.

ಅವತ್ತಿಂದ ನನಗೆ ಬ್ಯಾಗ್ ನೋಡುವ ಚಟ ಹತ್ತಿದೆ. ತಂಗಿ ಗಂಡ ದುಬೈಯಿಂದ ತಂದಿದ್ದು, ಮದುವೆ ಮನೆಯಲ್ಲಿ ಪಕ್ಕದವರು ತೊಡೆ ಮೇಲಿಟ್ಟುಕೊಂಡಿದ್ದು, ಬೆಂಗಳೂರಿನ ಯುಬಿ ಸಿಟಿಯಲ್ಲಿ ಲೂಯಿ ವಿಟಾನ್ ಅಂಗಡಿ ಗಾಜಿನಾಚೆ ಇಟ್ಟಿದ್ದು, ಯಾವುದೂ ಬಿಟ್ಟಿಲ್ಲ. ಒಂದು ದೊಡ್ಡ ಬ್ರ್ಯಾಂಡಿನ ಬ್ಯಾಗನ್ನೋ ಬೆಲ್ಟನ್ನೋ ಕೊಳ್ಳಬೇಕು ಅಂತ ದುಡ್ಡು ಕೂಡಿಡುತ್ತಿರುವವರಿಗೆ, ಅಥವಾ ಯಾರೋ ಕೊಟ್ಟಿದ್ದು ಅಸಲಿನಾ ಅಂತ ಒಳಗೊಳಗೇ ಅನುಮಾನ ಇರುವವರಿಗೆ, ನಾನು ಕಲಿತಷ್ಟನ್ನು ಇಲ್ಲಿ ಹೇಳುತ್ತೇನೆ.

ಮೊದಲು ಕೇಳಿ: ಈ ಬ್ರ್ಯಾಂಡಿನವರು ಶುರುವಿನಲ್ಲಿ ಏನು ಮಾಡುತ್ತಿದ್ದರು?

ಊರಿಗೆ ಬಂದ ನೆಂಟರು ಬೆಣ್ಣೆ ದೋಸೆ ಹೋಟೆಲಲ್ಲಿ ಕೂತು ಗೋಬಿ ಮಂಚೂರಿ ಕೇಳಿದರೆ ನಮಗೆ ಹೇಗಾಗುತ್ತೆ? ಕೊಡುತ್ತಾರೆ, ಕೆಟ್ಟದಾಗೇನೂ ಇರಲ್ಲ. ಆದರೆ ಆ ಹಂಚು ಪಳಗಿರುವುದು ದೋಸೆಗೆ. ಬ್ರ್ಯಾಂಡುಗಳೂ ಹಾಗೇ. ಪ್ರತಿಯೊಂದಕ್ಕೂ ಒಂದು ‘ದೋಸೆ’ ಇದೆ.

ಎರ್ಮೆಸ್ ತಗೊಳ್ಳಿ (ಬರೆಯುವಾಗ ‘ಹ’ ಇದೆ, ಹೇಳುವಾಗ ಇಲ್ಲ). 1837ರಲ್ಲಿ ತಿಯೆರಿ ಎರ್ಮೆಸ್ ಪ್ಯಾರಿಸ್ಸಿನಲ್ಲಿ ಶುರು ಮಾಡಿದ್ದು ಬ್ಯಾಗ್ ಅಂಗಡಿ ಅಲ್ಲ, ಕುದುರೆ ಸಾಮಾನಿನದು. ಗಾಡಿಗೆ ಕಟ್ಟುವ ಕುದುರೆಯ ಪಟ್ಟಿ, ಲಗಾಮು. ಜೀನು ಮಾಡಲು ಹಿಡಿದಿದ್ದು ಆಮೇಲೆ. ಓಡುವ ಕುದುರೆಯ ಮೇಲೆ ಹೊಲಿಗೆ ಬಿಟ್ಟರೆ ಸವಾರನ ಗತಿ ಗೊತ್ತಲ್ಲ, ಅದಕ್ಕೇ ಅವರ ಹೊಲಿಗೆ ಹಾಗಿದೆ. ಬರ್ಕಿನ್ ಅಂತ ಎಲ್ಲರೂ ಬಾಯಿ ಬಿಡುವ ಬ್ಯಾಗು ಬಂದಿದ್ದು 1984ರಲ್ಲಿ. ಪ್ಯಾರಿಸ್ಸಿನಿಂದ ಲಂಡನ್ನಿಗೆ ಹೋಗುವ ವಿಮಾನದಲ್ಲಿ ನಟಿ ಜೇನ್ ಬರ್ಕಿನ್ ಪಕ್ಕ ಕಂಪನಿಯ ಯಜಮಾನರೇ ಕೂತಿದ್ದರು. ಮಗು ಇರುವವಳಿಗೆ ಸರಿಹೋಗುವ ಬ್ಯಾಗೇ ಸಿಗಲ್ಲ ಅಂತ ಆಕೆ ಗೊಣಗಿದ್ದರಿಂದ ಅದು ಹುಟ್ಟಿತು.

ಲೂಯಿ ವಿಟಾನ್ ಮಾಡುತ್ತಿದ್ದಿದ್ದು ಟ್ರಂಕು. 1854ರಲ್ಲಿ ಅಂಗಡಿ ತೆರೆದ. ಆಗಿನ ಟ್ರಂಕುಗಳ ಮುಚ್ಚಳ ಮಳೆನೀರು ಜಾರಿ ಹೋಗಲಿ ಅಂತ ಕಮಾನಿನ ಥರ ಉಬ್ಬಿರುತ್ತಿತ್ತು, ಒಂದರ ಮೇಲೊಂದು ಇಡೋಕೆ ಆಗುತ್ತಿರಲಿಲ್ಲ. ಈತ ನೀರು ಹಿಡಿಯದ ಕ್ಯಾನ್ವಾಸ್ ಹೊದಿಸಿ ಮುಚ್ಚಳವನ್ನು ಚಪ್ಪಟೆ ಮಾಡಿದ. ನಮ್ಮಜ್ಜಿ ಮಂಚದ ಕೆಳಗೆ ಒಂದರ ಮೇಲೊಂದು ಇಟ್ಟಿದ್ದ ತಗಡಿನ ಟ್ರಂಕುಗಳದ್ದೂ ಇದೇ ಲೆಕ್ಕ. ಎಲ್ಲರೂ ಅವನ ಟ್ರಂಕನ್ನು ನಕಲು ಹೊಡೆಯಲು ಶುರು ಮಾಡಿದರು. ಅದನ್ನು ತಪ್ಪಿಸೋಕೆ ಅಂತ 1896ರಲ್ಲಿ ಮಗ ಜಾರ್ಜ್ ಅಪ್ಪನ ಹೆಸರಿನ ಅಕ್ಷರ, ಹೂವು ಎಲ್ಲ ಸೇರಿಸಿ ಒಂದು ಚಿತ್ತಾರ ಮಾಡಿಸಿದ. ಇವತ್ತು ಫುಟ್‌ಪಾತ್ ಮೇಲೆ 250 ರೂಪಾಯಿಗೆ ಸಿಗುವುದು ಅದೇ ಚಿತ್ತಾರ!

ಗುಚ್ಚಿಯೋ ಗುಚ್ಚಿ ಲಂಡನ್ನಿನ ಸವಾಯ್ ಹೋಟೆಲಲ್ಲಿ ಕೆಲಸಕ್ಕಿದ್ದವನು. ಸಾಹುಕಾರರ ಪೆಟ್ಟಿಗೆಗಳನ್ನು ಹತ್ತಿರದಿಂದ ಕಂಡವನು. 1921ರಲ್ಲಿ ಫ್ಲಾರೆನ್ಸಿನಲ್ಲಿ ಚರ್ಮದ ಸಾಮಾನಿನ ಅಂಗಡಿ ಇಟ್ಟ. ಯುದ್ಧ ಮುಗಿದ ಮೇಲೆ ಸಾಮಾನೇ ಸಿಗದೆ ಇದ್ದಾಗ ಬಿದಿರನ್ನು ಕಾಯಿಸಿ ಬಗ್ಗಿಸಿ ಹಿಡಿಕೆ ಮಾಡಿದರು, ಅದು 1947ರ ಮಾತು. ಬರ್ಬೆರಿಯ ದೋಸೆ ಯಾವುದು ಅಂದರೆ ಮಳೆ ಕೋಟು. ಬಟ್ಟೆ ನೇಯ್ದ ಮೇಲಲ್ಲ, ನೇಯುವ ಮುಂಚೆಯೇ ನೂಲಿಗೆ ನೀರು ಹಿಡಿಯದಂತೆ ಮಾಡುವ ಗ್ಯಾಬರ್ಡಿನ್ ಬಟ್ಟೆ, 1879ರದು. ನಮ್ಮ ದಾವಣಗೆರೆ ಬಿಸಿಲಿಗೆ ಅದನ್ನು ಯಾರು ಹಾಕುತ್ತಾರೋ ಗೊತ್ತಿಲ್ಲ. ಶನೆಲ್ 1955ರ ಫೆಬ್ರುವರಿಯಲ್ಲಿ ಸರಪಳಿ ಇಟ್ಟು ಹೆಗಲಿಗೆ ಹಾಕುವ ಬ್ಯಾಗ್ ತಂದಿತು, ಕೈ ಎರಡೂ ಖಾಲಿ ಇರಲಿ ಅಂತ. ಬಸ್ಸಿನಲ್ಲಿ ನಿಂತು ಓಡಾಡುವ ನಮಗೆ ಅದರ ಬೆಲೆ ಗೊತ್ತು.

ಹಾಗಾಗಿ ನಾನು ಹೇಳುವುದಿಷ್ಟೇ. ಆ ಬ್ರ್ಯಾಂಡಿನವರು ಪಳಗಿರುವ ಸಾಮಾನಿಗೆ ದುಡ್ಡು ಹಾಕಿ. ಟೀ ಶರ್ಟು, ಕೀ ಚೈನು, ಫೋನ್ ಕವರು ಇವೆಲ್ಲ ಹೆಸರು ಬೆಳೆದ ಮೇಲೆ ಬಂದ ಗೋಬಿ ಮಂಚೂರಿ. ಬೇಕು ಅಂದರೆ ತಗೊಳ್ಳಿ, ನನ್ನದೇನೂ ತಕರಾರಿಲ್ಲ. ಕಸುಬಿಗೆ ದುಡ್ಡು ಕೊಡುತ್ತಿದ್ದೀನಿ ಅಂತ ಮಾತ್ರ ಅಂದುಕೊಳ್ಳಬೇಡಿ.

ಬ್ಯಾಗ್ ಕೈಗೆ ಬಂದ ತಕ್ಷಣ ತಿರುಗಿಸಿ

ನಮ್ಮಜ್ಜಿ ಮೊಳಕಾಲ್ಮೂರು ಸೀರೆ ಕೊಳ್ಳುವಾಗ ಅಂಗಡಿಯವರು ಸೆರಗು ಹರಡುತ್ತಿದ್ದ ಹಾಗೇ ಅದನ್ನು ಮಗುಚಿ ಹಾಕುತ್ತಿದ್ದರು. ‘ಮುಂದಿನದು ಅವರು ತೋರಿಸ್ತಾರೆ, ಹಿಂದಿನದು ನಾವು ನೋಡ್ಕೋಬೇಕು’ ಅನ್ನುತ್ತಿದ್ದರು. ಬುಟ್ಟಾ ಹಿಂದೆ ದಾರ ಹೇಗೆ ಮುಗಿಸಿದ್ದಾರೆ, ಅಂಚು ಮತ್ತು ಒಡಲು ಕೂಡುವ ಕಡೆ ಎಳೆ ಹೇಗೆ ಹಿಡಿದುಕೊಂಡಿದೆ, ಇದನ್ನೇ ನೋಡುವುದು. ಎರಡು ಅಂಚಿಗೆ ಬೇರೆ ಲಾಳಿ, ಒಡಲಿಗೆ ಬೇರೆ ಲಾಳಿ ಓಡಿಸಿ ಕೈಮಗ್ಗದಲ್ಲಿ ನೇಯ್ದ ಸೀರೆಯಲ್ಲಿ ಆ ಕೂಡುವ ಜಾಗವನ್ನು ಬೆರಳಿಂದ ಸವರಿದರೆ ಗೊತ್ತಾಗುತ್ತದೆ. ನೇಯುವಾಗ ಬಟ್ಟೆ ಬಿಗಿಯಾಗಿರಲಿ ಅಂತ ಅಂಚಿಗೆ ಚುಚ್ಚಿಡುವ ಕಡ್ಡಿಯ ಸಣ್ಣ ಸಣ್ಣ ತೂತುಗಳೂ ಕಾಣುತ್ತವೆ. ಅಂದಹಾಗೆ, ಸಿಲ್ಕ್ ಮಾರ್ಕ್ ಚೀಟಿ ಇದ್ದರೆ ಅದು ರೇಷ್ಮೆ ಅಂತ ಅರ್ಥ, ಕೈಮಗ್ಗ ಅಂತ ಅಲ್ಲ. ಕೈಮಗ್ಗಕ್ಕೆ ಹ್ಯಾಂಡ್‌ಲೂಮ್ ಮಾರ್ಕ್ ಬೇರೆ ಇದೆ. ಇದನ್ನು ಬಹಳ ಜನ ಕಲಸಿಬಿಡುತ್ತಾರೆ.

ಬ್ಯಾಗಿಗೂ ಅಜ್ಜಿಯ ವಿದ್ಯೆಯೇ ಸಾಕು. ಹಿಡಿಕೆ ಬ್ಯಾಗಿಗೆ ಸೇರುವ ಜಾಗ, ಪಟ್ಟಿಯ ಹಿಂಭಾಗ, ಒಳಗಿನ ಜೇಬಿನ ಮೂಲೆ. ಹೊಲಿಗೆಯನ್ನು ಮುಂದೆ ನೋಡಿ, ಹಿಂದೆಯೂ ನೋಡಿ.

ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಇಡೀ ವಿಷಯದ ತಿರುಳು ಇದೇ. ಮಿಷನ್ ಹೊಲಿಗೆಯಲ್ಲಿ ಎರಡು ದಾರ ಇರುತ್ತವೆ. ಒಂದು ಮೇಲೆ, ಒಂದು ಕೆಳಗೆ ಬಾಬಿನ್‌ನಲ್ಲಿ. ಮೇಲಿನದು ಮೇಲೇ ಉಳಿಯುತ್ತದೆ, ಕೆಳಗಿನದು ಕೆಳಗೇ, ನಡುವೆ ಒಂದನ್ನೊಂದು ಕೊಕ್ಕೆ ಹಾಕಿಕೊಂಡಿರುತ್ತವೆ ಅಷ್ಟೇ. ಒಂದು ಕಡೆ ದಾರ ಹರಿದರೆ ಎಳೆದಷ್ಟೂ ಬಿಚ್ಚಿಕೊಳ್ಳುತ್ತ ಹೋಗಬಹುದು. ಜೀನು ಹೊಲಿಗೆ ಹಾಗಲ್ಲ. ಒಂದೇ ದಾರ, ಎರಡು ತುದಿಗೂ ಒಂದೊಂದು ಸೂಜಿ. ಒಂದೇ ತೂತಿನಲ್ಲಿ ಒಂದು ಸೂಜಿ ಈ ಕಡೆಯಿಂದ ಆ ಕಡೆ, ಇನ್ನೊಂದು ಆ ಕಡೆಯಿಂದ ಈ ಕಡೆ. ಒಂದು ಹೊಲಿಗೆ ಸವೆದು ಹರಿದರೂ ಇನ್ನೊಂದು ಎಳೆ ಅಲ್ಲೇ ಹಿಡಿದು ನಿಂತಿರುತ್ತದೆ. ಇದನ್ನು ಮಿಷನ್ನಿನಲ್ಲಿ ಮಾಡೋಕೆ ಆಗಲ್ಲ, ಕೈಯಲ್ಲೇ ಆಗಬೇಕು. ಎರ್ಮೆಸ್‌ನಲ್ಲಿ ಕೆಲಸಗಾರರು ಚರ್ಮವನ್ನು ಮರದ ಇಕ್ಕಳದಲ್ಲಿ ಕಚ್ಚಿಸಿ, ಅದನ್ನು ಮಂಡಿ ನಡುವೆ ಒತ್ತಿ ಹಿಡಿದು, ಜೇನುಮೇಣ ಹಚ್ಚಿದ ನಾರಿನ ದಾರದಲ್ಲಿ ಹೀಗೇ ಹೊಲಿಯುವುದು. ಸಾಮಾನ್ಯವಾಗಿ ಒಂದು ಬ್ಯಾಗನ್ನು ಮೊದಲಿಂದ ಕೊನೆತನಕ ಒಬ್ಬರೇ ಮಾಡುತ್ತಾರೆ.

ಇದನ್ನೆಲ್ಲ ಓದಿ ತಿಳಿದು ನಮ್ಮ ರಿಪೇರಿಯವರಿಗೆ ಹೇಳಿದೆ. ಅವರಿಗೇನೂ ಆಶ್ಚರ್ಯ ಆಗಲಿಲ್ಲ. ‘ಭಾರ ಹೊರೋದಕ್ಕೆ ಎರಡು ಸೂಜಿನೇ ಹಾಕಬೇಕು ಅಕ್ಕಾರೆ, ನಮ್ಮಪ್ಪನೂ ಎತ್ತಿನ ಪಟ್ಟಿಗೆ ಹಂಗೇ ಹಾಕ್ತಿದ್ರು’ ಅಂದರು. ಉಳಿ ತಗೊಂಡು ತೂತು ಹಾಕಿ ತೋರಿಸಿದರು. ತೂತನ್ನು ನೆಟ್ಟಗೆ ಹಾಕಲ್ಲ, ಸ್ವಲ್ಪ ಓರೆ. ಹಾಗಾಗಿ ಕೈ ಹೊಲಿಗೆ ಒಂದೊಂದೂ ತುಸು ವಾಲಿದಂತೆ ಕಾಣುತ್ತದೆ, ತೂಕಡಿಸುತ್ತಾ ಕೂತ ಮಕ್ಕಳ ಸಾಲಿನ ಥರ. ಮಿಷನ್ನಿನದು ಸಾಮಾನ್ಯವಾಗಿ ನೆಟ್ಟಗಿರುತ್ತದೆ. ಹಾಗಂತ ನೆಟ್ಟಗಿದ್ದರೆ ನಕಲಿ ಅಂತ ತೀರ್ಮಾನಿಸಬೇಡಿ. ಎಷ್ಟೋ ದೊಡ್ಡ ಬ್ರ್ಯಾಂಡಿನವರು ಒಳ್ಳೆ ಮಿಷನ್ನಿನಲ್ಲೇ ಹೊಲಿಯುತ್ತಾರೆ, ಚೆನ್ನಾಗಿಯೇ ಇರುತ್ತದೆ. ಲಕ್ಷ ರೂಪಾಯಿ ಕೊಡುವಾಗ ನಿಮಗೆ ಸಿಗುತ್ತಿರುವುದು ಯಾವುದು ಅಂತ ಗೊತ್ತಿರಲಿ ಅಂತ ಹೇಳಿದೆ ಅಷ್ಟೇ.

ಹೊಲಿಗೆ ಆದ ಮೇಲೆ ಅಂಚು. ಚರ್ಮ ಕತ್ತರಿಸಿದ ಕಡೆ ಬಣ್ಣ ಹಚ್ಚಿ, ಒಣಗಿಸಿ, ಉಜ್ಜಿ, ಮತ್ತೆ ಹಚ್ಚಿ, ಹೀಗೆ ಎಷ್ಟೋ ಸಲ ಮಾಡಿದರೆ ಅಂಚು ಬಳಪದ ಕಡ್ಡಿಯ ಹಾಗೆ ದುಂಡಗೆ, ನುಣ್ಣಗೆ ಆಗುತ್ತದೆ. ಅವಸರದವರು ಒಂದೇ ಸಲ ದಪ್ಪಗೆ ಬಳಿದುಬಿಡುತ್ತಾರೆ. ಬಗ್ಗಿಸಿದರೆ ಬಿರುಕು ಬಿಡುತ್ತದೆ. ಪಟ್ಟಿಯನ್ನು ಮೆಲ್ಲಗೆ ಬಗ್ಗಿಸಿ ನೋಡಿ, ಅಂಗಡಿಯವರು ಬೈದರೆ ಬೈಯಲಿ.

ಚರ್ಮ, ಮತ್ತೆ ನಮ್ಮ ತಂಗಡಿ ಗಿಡ

‘ಜೆನ್ಯುಇನ್ ಲೆದರ್’ ಅಂದರೆ ಚರ್ಮ ಅಂತ ಮಾತ್ರ, ಒಳ್ಳೇ ಚರ್ಮ ಅಂತ ಅಲ್ಲ. ‘ಫುಲ್ ಗ್ರೇನ್’ ಅಂದರೆ ಮೇಲ್ಪದರವನ್ನು ಉಜ್ಜಿ ತೆಗೆಯದೆ ಹಾಗೇ ಬಿಟ್ಟಿದ್ದು, ಗಟ್ಟಿ. ಸಣ್ಣ ಕಲೆ, ಗೀರು ಇದ್ದರೆ ಅದು ದೋಷ ಅಲ್ಲ. ‘ಬಾಂಡೆಡ್’ ಅಂದರೆ ಮಿಕ್ಕ ಚೂರುಗಳನ್ನು ಪುಡಿ ಮಾಡಿ ಅಂಟು ಕಲಸಿ ತಟ್ಟಿದ್ದು. ‘ಪಿಯು’ ಅಂದರೆ ಬಟ್ಟೆ ಮೇಲೆ ಪ್ಲಾಸ್ಟಿಕ್, ನಾವು ರೆಕ್ಸಿನ್ ಅನ್ನುತ್ತೇವಲ್ಲ ಅದರ ಬಂಧು. ಬೀರುವಿನಲ್ಲಿ ಸುಮ್ನೆ ಇಟ್ಟರೂ ಗಾಳಿಯ ತೇವಕ್ಕೇ ಕೆಲವು ವರ್ಷದಲ್ಲಿ ಸಿಪ್ಪೆ ಏಳುತ್ತದೆ. ಕಂಡುಹಿಡಿಯೋಕೆ ಲೈಟರ್ ಹಚ್ಚಿ ಸುಡಬೇಡಿ, ಯೂಟ್ಯೂಬಿನಲ್ಲಿ ಮಾಡುತ್ತಾರೆ ಅಂತ. ಕತ್ತರಿಸಿದ ಅಂಚು ಎಲ್ಲಿ ಕಾಣುತ್ತೋ ಅಲ್ಲಿ ನೋಡಿ. ನಾರು ನಾರಾಗಿದ್ದರೆ ಚರ್ಮ, ಬಟ್ಟೆಯ ನೇಯ್ಗೆ ಕಂಡರೆ ಅಲ್ಲ.

ಚರ್ಮ ಹದ ಮಾಡುವುದರಲ್ಲೂ ಎರಡು ದಾರಿ. ಇವತ್ತು ಬಹುಪಾಲು ಚರ್ಮ ಕ್ರೋಮ್ ಉಪ್ಪಿನಲ್ಲಿ ಹದವಾಗುತ್ತದೆ. ಬೇಗ ಆಗುತ್ತೆ, ಮೆತ್ತಗಿರುತ್ತೆ. ಹಳೇ ದಾರಿ ಅಂದರೆ ಮರದ ತೊಗಟೆ. ವಾರಗಟ್ಟಲೆ, ಕೆಲವು ಸಲ ತಿಂಗಳುಗಟ್ಟಲೆ ತೊಗಟೆ ನೀರಿನಲ್ಲಿ ನೆನೆಸುವುದು. ಚಿತ್ರದುರ್ಗದಿಂದ ಹಿರಿಯೂರು, ಚಳ್ಳಕೆರೆ ಕಡೆ ಹೋಗುವಾಗ ರಸ್ತೆ ಪಕ್ಕದ ಬರಡು ನೆಲದಲ್ಲಿ ಹಳದಿ ಹೂ ಬಿಟ್ಟುಕೊಂಡು ನಿಲ್ಲುತ್ತಲ್ಲ ತಂಗಡಿ ಗಿಡ, ಆವರಿಕೆ ಅಂತಲೂ ಅನ್ನುತ್ತಾರೆ, ಅದರ ತೊಗಟೆಯಲ್ಲೇ ದಕ್ಷಿಣ ಭಾರತದವರು ಚರ್ಮ ಹದ ಮಾಡುತ್ತಿದ್ದಿದ್ದು. ಇಂಗ್ಲಿಷರು ಆ ಗಿಡಕ್ಕೆ ‘ಟ್ಯಾನರ್ಸ್ ಕ್ಯಾಸಿಯಾ’ ಅಂತಲೇ ಹೆಸರಿಟ್ಟರು, ಅಂದರೆ ಚರ್ಮ ಹದ ಮಾಡುವವರ ಗಿಡ. ಹಾಗೆ ಹದವಾದ ಚರ್ಮ ಮದ್ರಾಸ್ ಬಂದರಿನಿಂದ ಹಡಗು ಹತ್ತುತ್ತಿತ್ತು. ನಾವು ಅದೇ ಗಿಡದ ಪಕ್ಕ ಬೈಕ್ ನಿಲ್ಲಿಸಿ ಸೆಲ್ಫಿ ತಗೊಂಡು, ಇಟಲಿ ಚರ್ಮ ಎಷ್ಟು ಚೆನ್ನಾಗಿದೆ ಅಂತ ಮಾತಾಡುತ್ತೇವೆ.

ತೊಗಟೆಯಲ್ಲಿ ಹದ ಮಾಡಿ ಮೇಲೆ ಏನೂ ಬಳಿಯದ ಚರ್ಮ ಬಿಸಿಲು, ಕೈ ಬೆವರು ತಾಗಿ ವರ್ಷ ಕಳೆದ ಹಾಗೆ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಲೂಯಿ ವಿಟಾನ್‌ನ ಎಷ್ಟೋ ಬ್ಯಾಗುಗಳ ಹಿಡಿಕೆ ಇಂಥ ಚರ್ಮದ್ದು. ಆದರೆ ಆ ಅಕ್ಷರ ಅಕ್ಷರ ಇರುವ ಕಂದು ಮೈ ಇದೆಯಲ್ಲ, ಅದು ಚರ್ಮವೇ ಅಲ್ಲ! ಹತ್ತಿ ಕ್ಯಾನ್ವಾಸಿನ ಮೇಲೆ ಲೇಪ ಕೊಟ್ಟಿದ್ದು. ಇದನ್ನು ಹೇಳಿದಾಗ ನಮ್ಮ ತಂಗಿ ಒಂದು ವಾರ ನನ್ನ ಹತ್ತಿರ ಮಾತು ಬಿಟ್ಟಿದ್ದಳು. ಕೆಟ್ಟದ್ದು ಅಂತಲ್ಲ, ಆ ಕ್ಯಾನ್ವಾಸು ಗಟ್ಟಿ ಸಾಮಾನು, ಟ್ರಂಕಿನ ಕಾಲದಿಂದ ಬಂದಿದ್ದು. ಇನ್ನೊಂದು ಅನುಮಾನ ಅವಳಿಗೇ ಬಂದಿತ್ತು: ಒಂದು ಮಗ್ಗಲಲ್ಲಿ ಅಕ್ಷರಗಳೆಲ್ಲ ತಲೆಕೆಳಗಾಗಿವೆ, ನಕಲಿ ಇರಬೇಕು ಅಂತ. ಅವಳದ್ದು ಸ್ಪೀಡಿ ಅನ್ನುವ ಮಾದರಿ. ಅದರಲ್ಲಿ ಒಂದೇ ತುಂಡು ಕ್ಯಾನ್ವಾಸ್ ಬುಡದಿಂದ ಸುತ್ತಿ ಆ ಕಡೆ ಹೋಗುತ್ತದೆ, ಹಾಗಾಗಿ ಹಿಂದೆ ತಲೆಕೆಳಗಾಗಲೇಬೇಕು. ಎರಡೂ ಕಡೆ ನೆಟ್ಟಗಿದ್ದರೆ ಅಲ್ಲಿ ಅನುಮಾನ ಪಡಿ.

ಜಿಪ್ಪು, ಕೊಂಡಿಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೈಯಲ್ಲಿ ತೂಕ ಇರಬೇಕು, ಜಿಪ್ಪು ತಡವರಿಸದೆ ಓಡಬೇಕು. ವೈಕೆಕೆ ಅಂತ ಕಂಡರೆ ಒಳ್ಳೇ ಜಪಾನಿ ಜಿಪ್ಪು ಅಂತ ಅರ್ಥ, ಬ್ಯಾಗ್ ಅಸಲಿ ಅಂತ ಅಲ್ಲ. ಒಳಗಿನ ನಂಬರನ್ನೂ ಪೂರ್ತಿ ನಂಬಬೇಡಿ, ನಕಲಿ ಮಾಡುವವರಿಗೆ ನಂಬರ್ ಒತ್ತೋಕೆ ಬರಲ್ವಾ? ಲೂಯಿ ವಿಟಾನ್‌ನವರು 2021ರಿಂದ ಆ ನಂಬರ್ ಬಿಟ್ಟು ಒಳಗೆ ಚಿಪ್ ಇಡುತ್ತಿದ್ದಾರೆ.

ಬ್ರ್ಯಾಂಡ್ ಆಗಿಲ್ಲದ ಕಸುಬನ್ನೂ ಇದೇ ಕಣ್ಣಲ್ಲಿ ನೋಡಿ. 2025ರ ಜೂನಿನಲ್ಲಿ ಮಿಲಾನಿನ ಶೋದಲ್ಲಿ ಪ್ರಾಡಾದವರು ತೋರಿಸಿದ ಚಪ್ಪಲಿ ನೋಡಿ ಇಲ್ಲಿಯವರೆಲ್ಲ ‘ಅಯ್ಯೋ ಇದು ಕೊಲ್ಲಾಪುರಿ ಅಲ್ವಾ’ ಅಂದರು. ಗಲಾಟೆ ಆದ ಮೇಲೆ ಕಂಪನಿಯೂ ಒಪ್ಪಿಕೊಂಡಿತು. ಕೊಲ್ಲಾಪುರಿ ಚಪ್ಪಲಿಯ ಜಿಐ (ಈ ಸಾಮಾನು ಈ ಊರಿನದೇ ಅನ್ನುವ ಸರ್ಕಾರಿ ಗುರುತು) ಮಹಾರಾಷ್ಟ್ರದ ಜೊತೆಗೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಕ್ಕೂ ಸೇರಿದ್ದು. ಮೊಳಕಾಲ್ಮೂರು ಸೀರೆಗೂ ಜಿಐ ಇದೆ. ದುಡ್ಡು ಕಡಿಮೆ ಇದ್ದು ಕೈಕೆಲಸ ಬೇಕು ಅಂದರೆ ಇವನ್ನು ನೋಡಿ, ನಮ್ಮ ರಾಜ್ಯದ ಲಿಡ್ಕರ್ ಮಳಿಗೆಯ ಚರ್ಮದ ಸಾಮಾನು ನೋಡಿ. ಅಲ್ಲೂ ತಿರುಗಿಸಿಯೇ ನೋಡಿ.

ಕೊಂಡ ಮೇಲೆ

ನಮ್ಮ ಕಡೆ ಬ್ಯಾಗಿನ ಮೊದಲ ಶತ್ರು ಧೂಳು. ದಿನಾ ಬಂದ ಮೇಲೆ ಒಣ ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಹಳೇ ಪಂಚೆ ತುಂಡಿಗಿಂತ ಒಳ್ಳೇದು ಯಾವುದೂ ಇಲ್ಲ. ಅದೇ ಪಂಚೆಯಲ್ಲಿ ಚೀಲ ಹೊಲಿಸಿ ಬ್ಯಾಗನ್ನು ಅದರೊಳಗಿಡಿ. ಪ್ಲಾಸ್ಟಿಕ್ ಕವರಿನಲ್ಲಿ ಮಾತ್ರ ಕಟ್ಟಿಡಬೇಡಿ, ಮಳೆಗಾಲಕ್ಕೆ ಬೂಷ್ಟು ಬರುತ್ತದೆ. ಆಕಾರ ಕೆಡದಿರಲಿ ಅಂತ ಒಳಗೆ ಹಳೇ ಬಟ್ಟೆ ತುಂಬಿ. ಪೇಪರ್ ತುಂಬಿದರೆ ಶಾಯಿ ಹತ್ತುತ್ತದೆ. ಹಿಡಿಕೆಯಿಂದ ಮೊಳೆಗೆ ನೇತು ಹಾಕಬೇಡಿ. ಕೊಬ್ಬರಿ ಎಣ್ಣೆ, ಶೂ ಪಾಲಿಶು, ಸ್ಯಾನಿಟೈಸರ್ ಮೂರೂ ಬೇಡ. ಚಪ್ಪಲಿಗೆ ಎಣ್ಣೆ ಹಚ್ಚಿದರೆ ಮೆತ್ತಗಾಗುತ್ತಲ್ಲ ಅಂತ ಅಮ್ಮ ನನ್ನ ಕಂದು ಬ್ಯಾಗಿಗೂ ಹಚ್ಚಿಬಿಟ್ಟಿದ್ದರು. ಆ ಕಲೆ ಇನ್ನೂ ಇದೆ, ಭೂಪಟದ ಹಾಗೆ.

ಬೆಣ್ಣೆ ದೋಸೆ ತಿನ್ನುವಾಗ ಬೆಣ್ಣೆ ಬಿತ್ತು ಅಂದುಕೊಳ್ಳಿ, ಬಿದ್ದೇ ಬೀಳುತ್ತದೆ. ಉಜ್ಜಬೇಡಿ, ನೀರು ಹಾಕಬೇಡಿ. ಟಿಶ್ಯೂ ಒತ್ತಿ ಬೆಣ್ಣೆ ಎತ್ತಿಕೊಳ್ಳಿ. ಮನೆಗೆ ಬಂದು ಅದರ ಮೇಲೆ ಮುಖಕ್ಕೆ ಹಾಕುವ ಪೌಡರನ್ನೋ ಕಾರ್ನ್ ಫ್ಲೋರನ್ನೋ ದಪ್ಪಗೆ ಉದುರಿಸಿ ರಾತ್ರಿಯೆಲ್ಲ ಬಿಡಿ. ಜಿಡ್ಡನ್ನು ಅದು ಹೀರುತ್ತದೆ. ಬೆಳಗ್ಗೆ ಮೆತ್ತನೆ ಬ್ರಷ್ಷಿನಲ್ಲಿ ಕೊಡವಿ. ಹೋಗಿಲ್ಲ ಅಂದರೆ ಇನ್ನೊಂದು ರಾತ್ರಿ.

ಹೊಲಿಗೆ ಬಿಡಲು ಶುರುವಾದರೆ ಒಂದೇ ಹೊಲಿಗೆ ಬಿಟ್ಟಿರುವಾಗಲೇ ತೆಗೆದುಕೊಂಡು ಹೋಗಿ. ದೊಡ್ಡ ಬ್ರ್ಯಾಂಡಿನವರು ತಮ್ಮ ಸಾಮಾನನ್ನು ತಾವೇ ರಿಪೇರಿ ಮಾಡಿಕೊಡುತ್ತಾರೆ. ಅಂಥದ್ದಾದರೆ ಮೊದಲು ಅವರನ್ನೇ ಕೇಳಿ, ಯಾಕೆಂದರೆ ಹೊರಗೆ ಬಿಚ್ಚಿದ್ದನ್ನು ಅವರು ಮುಟ್ಟದೇ ಇರಬಹುದು. ಉಳಿದದ್ದಕ್ಕೆಲ್ಲ ನಮ್ಮ ರಿಪೇರಿಯವರೇ ಸಾಕು, ‘ಎರಡು ಸೂಜಿ ಹೊಲಿಗೆ ಹಾಕಿ’ ಅಂತ ಬಾಯಿಬಿಟ್ಟು ಹೇಳಬೇಕು ಅಷ್ಟೇ. ಹೇಳದಿದ್ದರೆ ಅವಸರಕ್ಕೆ ಮಿಷನ್ನಿಗೆ ಕೊಟ್ಟುಬಿಡುತ್ತಾರೆ.

ನನ್ನ 3,400 ರೂಪಾಯಿ ಬ್ಯಾಗಿಗೂ ಅವರು ಹಾಗೇ ಹಾಕಿಕೊಟ್ಟರು. ಒಳಗಿನ ರಟ್ಟು ತೆಗೆದು ಚರ್ಮದ ಪಟ್ಟಿ ಇಟ್ಟು, ಸುಳ್ಳು ಹೊಲಿಗೆಯ ಗೆರೆ ಮೇಲೇ ಉಳಿ ಇಟ್ಟು ನಿಜವಾದ ಹೊಲಿಗೆ. ಮೈಯೆಲ್ಲ ಸಿಪ್ಪೆ ಎದ್ದಿದೆ, ಹಿಡಿಕೆ ಮಾತ್ರ ಜಪ್ಪಯ್ಯ ಅಂದರೂ ಅಲುಗಾಡಿಲ್ಲ. ಈಗ ಅದರಲ್ಲಿ ಸಂತೆಯಿಂದ ತೆಂಗಿನಕಾಯಿ ತರುತ್ತೇನೆ. ದಾರದ ಬಣ್ಣ ಒಂದು ಹೊಂದಿಲ್ಲ, ಬಿಳಿ ಇರಬೇಕಾದ ಕಡೆ ಕಂದು. ಅವತ್ತು ಬಿಳಿ ಮುಗಿದಿತ್ತಂತೆ.